ಕದ್ದ ಮರಳಿನ ಮನೆ

2018ರ ಡಿಸೆಂಬರ್‌ನಲ್ಲಿ ಮಾನ್ವಿ ತಾಲೂಕಿನ ಚೀಕಲಪರ್ವಿ ಬಳಿ ಅಕ್ರಮ ಮರಳು ಸಾಗಾಟವನ್ನು ತಡೆಯಲು ಮುಂದಾದ ಗ್ರಾಮಲೆಕ್ಕಿಗರೊಬ್ಬರು ಮರಳು ವಾಹನ ಹರಿದು ಪ್ರಾಣ ತೆತ್ತರು. ಅದು ತುಂಗಭದ್ರೆಯ ದಂಡೆ. ಅತ್ತ ಕೃಷ್ಣೆಯ ದಂಡೆಯ ದೇವದುರ್ಗದಲ್ಲೂ ಮರಳುಗಳ್ಳತನದ ದೂರು ಹೊಸದಲ್ಲ.

ಇಂಥ ಘಟನೆಗಳು ನಡೆದಾಗಲೆಲ್ಲ ನಾವು ಪೊಲೀಸರನ್ನೂ ರಾಜಕಾರಣಿಗಳನ್ನೂ ದೂರುತ್ತೇವೆ. ದೂರಬೇಕಾದುದೇ. ಆದರೆ ಕಾನೂನು ದುರ್ಬಲವೇನಲ್ಲ. ಗಣಿ ಮತ್ತು ಖನಿಜ ಕಾಯ್ದೆಯಲ್ಲಿ ಈ ಅಪರಾಧಕ್ಕೆ 5 ವರ್ಷಗಳವರೆಗೆ ಸೆರೆವಾಸವಿದೆ. ಜೊತೆಗೆ ಕಳ್ಳತನದ ಮೊಕದ್ದಮೆಯನ್ನೂ ಹೂಡಬಹುದೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಹಾಗಿದ್ದರೂ ದಂಧೆ ನಿಲ್ಲದಿರಲು ಕೊಳ್ಳುವವರಿರುವುದೂ ಒಂದು ಕಾರಣ.

ರಾತ್ರಿ ನದಿಯಿಂದ ಹೊರಟ ಮರಳು ಬೆಳಗಾಗುವಾಗ ಇಳಿಯುವುದೆಲ್ಲಿ? ರಾಯಚೂರಿನಂಥ ನಗರಗಳಲ್ಲಿ ನಾವು ಕಟ್ಟಿಸುವ ಮನೆ, ಅಂಗಡಿ, ಶಾದಿಮಹಲ್‌ಗಳ ಮುಂದೆಯೇ ಅಲ್ಲವೇ? ಹಳ್ಳಿಯ ಯುವಕರನ್ನು ಅಪರಾಧಕ್ಕೆಳೆಯುವ ಹಣ ನಮ್ಮ ಜೇಬಿನಿಂದಲೂ ಹೋಗುತ್ತಿದೆ. ಊಟದಲ್ಲಿ ಹಲಾಲ್-ಹರಾಮ್ ವಿಚಾರಿಸುವ ನಾವು ಗೋಡೆಯ ಮರಳಿನ ಬಗ್ಗೆ ಮೌನವಾಗಿರುವುದು ನ್ಯಾಯವೇ?

ಮರಳು ಇಳಿಸುವ ಮುನ್ನ ಪರ್ಮಿಟ್ ಕೇಳೋಣ. ಅದರ ದಿನಾಂಕ, ವಾಹನದ ಸಂಖ್ಯೆ ತಾಳೆ ನೋಡೋಣ. ಇಲ್ಲದಿದ್ದರೆ ವಾಹನವನ್ನು ಹಿಂದೆ ಕಳುಹಿಸೋಣ, ಎಂ-ಸ್ಯಾಂಡ್ ಬಳಸೋಣ. ಮಸೀದಿ, ಮದ್ರಸಾಗಳ ಕಟ್ಟಡಗಳಿಗೆ ಜಮಾಅತ್ ಕಮಿಟಿಗಳು ಇದನ್ನೇ ನಿಯಮವಾಗಿಸಲಿ. ಒಂದಿಷ್ಟು ಖರ್ಚು ಹೆಚ್ಚಬಹುದು. ಆದರೆ ಒಬ್ಬ ನೌಕರನ ಜೀವ ಅದಕ್ಕಿಂತ ಅಗ್ಗವಲ್ಲ.