ಕಡಲಡಿಯ ಪಾಕ

ತಿಲದಿಂದ ಬಂದುದು ತೈಲ. ಎಳ್ಳಿನೆಣ್ಣೆಗೆ ಮಾತ್ರ ಸಲ್ಲತಕ್ಕ ಈ ಹೆಸರು ಕಲ್ಲಿನೊಳಗಣ ಎಣ್ಣೆಗೂ ಅಂಟಿಕೊಂಡು ಶಿಲಾತೈಲವೆನಿಸಿತು. ಆದರೆ ವಾಚಕರೆ, ಎಳ್ಳಿಗೆ ಗಾಣವೊಂದಿದ್ದರೆ ಸಾಕು. ಕಲ್ಲಿಗೆ ಒಲೆಯೂ ಬೇಕು.

ಇಂಗ್ಲೆಂಡಿನ ದಕ್ಷಿಣತೀರದ ಡಾರ್ಸೆಟ್ ಪ್ರಾಂತದಲ್ಲಿ ಕಿಮರಿಜ್ ಎಂಬ ಸಣ್ಣ ಗ್ರಾಮವಿದೆ. ಅಲ್ಲಿಯ ಕಡಲದಂಡೆಯಲ್ಲಿ ಕಪ್ಪು ಪದರಗಲ್ಲು ಕಾಣಿಸುವುದು. ಸುಮಾರು 15 ಕೋಟಿ ವರ್ಷಗಳ ಹಿಂದೆ, ಪ್ರಾಣವಾಯು ಸುಳಿಯದ ಕಡಲತಳದಲ್ಲಿ, ಸೂಕ್ಷ್ಮಜೀವಿಗಳ ಅವಶೇಷವು ಕೆಸರಿನೊಡನೆ ಕೂಡಿ ಗಟ್ಟಿಯಾದ ಕಲ್ಲಿದು. ಹಿಂದೆ ಆ ಊರಿನವರು ಇದನ್ನು ಇದ್ದಲಿನಂತೆ ಉರಿಸುತ್ತಿದ್ದರು. ಅದರ ಗಂಧಕದ ನಾತವನ್ನು ಸಹಿಸಿದ ಗೃಹಿಣಿಯರೇ ಧನ್ಯರು! ಇಷ್ಟು ಸತ್ತ್ವವಿದ್ದರೂ ಈ ಕಲ್ಲು ಅಲ್ಲಿ ಎಣ್ಣೆ ಬಿಡಲಿಲ್ಲ. ಅದೇ ದಂಡೆಯಲ್ಲಿ ತೋಡಿದ ಎಣ್ಣೆಬಾವಿಗೆ ಎಣ್ಣೆ ಬಂದುದು ಇದಕ್ಕಿಂತ ಕೆಳಗಿನ, ಇನ್ನೂ ಹಳೆಯ ಪದರದಿಂದ.

ಇದೇ ಕಾಲದ, ಇದೇ ಜಾತಿಯ ಕಲ್ಲು ಉತ್ತರ ಸಮುದ್ರದ ಅಡಿಯಲ್ಲಿಯೂ ಹರಡಿದೆ. ಅಲ್ಲಾದರೋ ಅದು ಎರಡು ದೇಶಗಳಿಗೆ ಐಶ್ವರ್ಯವನ್ನು ತಂದಿತು. ನಾರ್ವೆಯ ಎಕೊಫಿಸ್ಕ್ 1969ರಲ್ಲಿಯೂ ಬ್ರಿಟನ್ನಿನ ಬ್ರೆಂಟ್ 1971ರಲ್ಲಿಯೂ ಗೊತ್ತಾದುವು.

ಭೇದವಿರುವುದು ಹೂತ ಆಳದಲ್ಲಿ. ಉತ್ತರ ಸಮುದ್ರದ ನಡುತಗ್ಗು ಕುಸಿಯುತ್ತಲೇ ಹೋಯಿತು. ಮೇಲೆ ಸೀಮೆಸುಣ್ಣದ ಕಲ್ಲು, ಅದರ ಮೇಲೆ ಹೂಳು, ಹೀಗೆ ಹೊರೆ ಬೆಳೆದು ಆ ಪದರವು ಮೂರು ನಾಲ್ಕು ಕಿಲೋಮೀಟರ್ ಕೆಳಗಿಳಿಯಿತು. ಭೂಮಿಯೊಳಗೆ ಕಿಲೋಮೀಟರಿಗೆ ಸುಮಾರು 30 ಡಿಗ್ರಿಯಂತೆ ಕಾವು ಏರುವುದು. 100 ಡಿಗ್ರಿಯ ಆಸುಪಾಸಿನಲ್ಲಿ ಕಲ್ಲಿನ ಸತ್ತ್ವವು ಒಡೆದು ಎಣ್ಣೆಯಾಗುವುದು. 150 ದಾಟಿತೆಂದರೆ ಮುಖ್ಯವಾಗಿ ಅನಿಲವೇ. ಕಾವು ತುಸು ಕಡಮೆಯಿದ್ದರೆ ಕಾಲವು ಸ್ವಲ್ಪಮಟ್ಟಿಗೆ ಆ ಕೊರತೆಯನ್ನು ತುಂಬಿಕೊಡುವುದು. ಬೇಯುವುದಕ್ಕೂ ಮಾಗುವುದಕ್ಕೂ ಪಾಕವೆಂಬ ಒಂದೇ ಮಾತನ್ನಿಟ್ಟ ನಮ್ಮ ಹಿರಿಯರಿಗೆ ಇದು ವಿಚಿತ್ರವೆನಿಸುತ್ತಿರಲಿಲ್ಲ. ಡಾರ್ಸೆಟ್ಟಿನ ಕಲ್ಲಾದರೋ ಅಷ್ಟು ಆಳಕ್ಕೆ ಇಳಿಯಲೇ ಇಲ್ಲ. ಆಲ್ಪ್ಸ್ ಪರ್ವತಗಳನ್ನೆತ್ತಿದ ಭೂಚಲನೆ ಅದನ್ನೂ ಮೇಲಕ್ಕೆತ್ತಿತು. ಒಲೆಯಿಂದ ಕೆಳಗಿಳಿಸಿದ ಪಾತ್ರೆಯಲ್ಲಿ ಅಕ್ಕಿ ಬೇಯುವುದುಂಟೆ?

ಪಾಕವಾದರೂ ಸಾಲದು. ಎಣ್ಣೆ ನೀರಿಗಿಂತ ಹಗುರ; ಬಿರುಕು ರಂಧ್ರಗಳಲ್ಲಿ ಮೇಲಕ್ಕೇರುವುದು. ಅದು ಹೊರಡುವ ಮೊದಲೇ, ಮೇಲೆ ಜೇಡಿಯ ಮುಚ್ಚಳವುಳ್ಳ ಗುಮ್ಮಟದಂಥ ಶಿಲೆಯೊಂದು ಸಿದ್ಧವಾಗಿರಬೇಕು. ಗುಮ್ಮಟ ತಡವಾಗಿ ಎದ್ದರೆ ಅದರೊಳಗೆ ಉಪ್ಪುನೀರು ಮಾತ್ರ. ಕಡಲಲ್ಲಿ ಒಂದು ಬಾವಿ ತೋಡುವುದೆಂದರೆ ಕೋಟಿಗಟ್ಟಲೆ ವ್ಯಯ. ಆದುದರಿಂದ ಭೂಶಾಸ್ತ್ರಜ್ಞರು ಮೊದಲು ಪದರದ ಪೂರ್ವಚರಿತ್ರೆಯನ್ನು ಬರೆಯುವರು. ಅದಕ್ಕೆ ಸಾಕ್ಷಿ, ಕಲ್ಲಿನಲ್ಲಿ ಸಿಕ್ಕಿದ ಮರದ ಕಣಗಳು. ಕಾವು ಹೆಚ್ಚಿದಷ್ಟೂ ಅವುಗಳಿಗೆ ಹೊಳಪು ಹೆಚ್ಚುವುದು. ಸೂಕ್ಷ್ಮದರ್ಶಕದಲ್ಲಿ ಅದನ್ನು ಅಳೆಯಬಹುದು. ಕಲ್ಲು ಮತ್ತೆ ಮೇಲೆ ಬಂದು ತಣಿದರೂ ಒಮ್ಮೆ ಬಂದ ಹೊಳಪು ಕುಂದುವುದಿಲ್ಲ.