ಗಾಜು ಒರೆಸೋ ಮೊದಲು ಬೆಂಕಿ ನೋಡಿ ಸ್ವಾಮಿ!

ನಮ್ಮ ಕನ್ನಡ ಬ್ಲಾಗಿಗರಲ್ಲಿ ಅಜ್ಜಿಯ ಕಂದೀಲಿನ ಬಗ್ಗೆ ಬರೆಯದವರು ಯಾರಿದ್ದೀರಿ ಹೇಳಿ? ನಾನೂ ಬರೆದವನೇ :-) ಜಡಿಮಳೆ, ಕರೆಂಟಿಲ್ಲ, ಅಜ್ಜಿ ಬೂದಿ ಹಾಕಿ ಬುರುಡೆ ಒರೆಸುತ್ತಿದ್ದಳು, ಆಹಾ ಎಂಥಾ ಹೊಳಪು.. ಕೊನೆಗೆ "ಈಗಿನ ಲಿಕ್ವಿಡ್ಡುಗಳಲ್ಲಿ ಆ ಹೊಳಪೆಲ್ಲಿ" ಅಂತ ಒಂದು ನಿಟ್ಟುಸಿರು. ಇವತ್ತು ನನ್ನ ಜಗಳ ಆ ನಿಟ್ಟುಸಿರಿನ ಜೊತೆಗೇ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಕುಮಟಾ ಕಡೆ, ಅಘನಾಶಿನಿ ದಂಡೆಯಲ್ಲಿ ನಮ್ಮ ಮನೆ. ಅಡುಗೆಮನೆಯಲ್ಲಿ ಕಪ್ಪು ಗಾಜಿನ ಗ್ಯಾಸ್ ಒಲೆ, ನಾನು ಮೊದಲ ಸಂಬಳದಲ್ಲಿ ಕೊಡಿಸಿದ್ದು. ಬೆಳಿಗ್ಗೆ ದೋಸೆ ಎರೆದು ಮುಗಿಸಿ ಆಯಿ ಹಿತ್ತಲಿಗೆ ಹೋಗಿದ್ದಳು. ಢಬ್ ಅಂತ ಸದ್ದು! ಓಡಿ ಬಂದು ನೋಡಿದರೆ ಗಾಜು ಪೂರ್ತಿ ಕಲ್ಲುಸಕ್ಕರೆಯಂತೆ ಚೂರುಚೂರು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಮನೆಯಲ್ಲಿ ಬಂದ ಮೊದಲ ಮಾತು, "ಎಂತಕ್ಕೆ ಅಷ್ಟು ತಿಕ್ತೆ ನೀನು?" ಹೇಳಿದವನು ಬೇರೆ ಯಾರೂ ಅಲ್ಲ, ಇಂಜಿನಿಯರಿಂಗ್ ಓದಿದ ನಾನೇ.

ಆ ಓದು ನೆನಪಾಗಿದ್ದು ಆಮೇಲೆ. ಒಲೆಯ ಮೇಲಿನ ಗಾಜು ಹದಗೊಳಿಸಿದ ಗಾಜು. 600 ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಹೊರಪದರ ಒತ್ತಿ ಹಿಡಿದಿರುತ್ತದೆ, ಒಳಗೆ ಎಳೆತ ಕೂತಿರುತ್ತದೆ. ಆ ಹೊರಪದರವನ್ನು ದಾಟಿದ ಒಂದು ಗೀರು, ಅಂಚಿಗೆ ಬಿದ್ದ ಒಂದು ಏಟು, ಬಿಸಿ ಇದ್ದಾಗ ಸುರಿದ ತಣ್ಣೀರು, ತಯಾರಿಕೆಯಲ್ಲೇ ಒಳಗುಳಿದ ನಿಕಲ್ ಸಲ್ಫೈಡಿನ ಕಣ.. ಯಾವುದಾದರೂ ಸಾಕು. ಇಷ್ಟೆಲ್ಲ ಕಾರಣ ಇರುವಾಗ ಆಯಿಯ ಕೈಯೇ ಅಪರಾಧಿ ಅಂತ ತೀರ್ಪು ಕೊಡಲು ನಾನ್ಯಾರು?

ಸರಿ, ಅವಳು ತಿಕ್ಕುತ್ತಿದ್ದಳು. ಬೂದಿ ಹಾಕಿಯೇ ತಿಕ್ಕುತ್ತಿದ್ದಳು. ನಮ್ಮ ಕಡೆ ಬೂದಿಯಲ್ಲಿ ಮರಳು ಸೇರದೆ ಇರುತ್ತದೆಯೇ? ಗೀರು ಬಿದ್ದೇ ಬೀಳುತ್ತದೆ. ಆದರೆ ಯಾಕೆ ತಿಕ್ಕುತ್ತಿದ್ದಳು? ಪಾತ್ರೆಯ ತಳವೆಲ್ಲ ಮಸಿ, ಆ ಮಸಿ ಗಾಜಿನ ಮೇಲೆ. ಮಸಿ ಯಾಕೆ? ಬರ್ನರಿನ ತೂತು ಕಟ್ಟಿ, ಗಾಳಿ ಸಾಲದೆ, ನೀಲಿ ಇರಬೇಕಾದ ಉರಿ ಹಳದಿಯಾಗಿತ್ತು. ಆ ಹಳದಿ ಉರಿಯನ್ನು ನಾನು ಎರಡು ಸಲ ರಜೆಗೆ ಹೋದಾಗಲೂ ನೋಡಿದ್ದೆ. ನೋಡಿ ಹೇಳಿದ್ದೇನು? "ಗಾಜು ಸ್ವಲ್ಪ ಚೆನ್ನಾಗಿ ಒರೆಸಿಡಬಾರದಾ."

ಈಗ ಕಂದೀಲಿಗೆ ಬನ್ನಿ. ನಮ್ಮ ಅಮ್ಮಮ್ಮ ಸಂಜೆ ಕಂದೀಲು ತಂದು ಕೂತರೆ ಮೊದಲು ಕೈಗೆತ್ತಿಕೊಳ್ಳುತ್ತಿದ್ದದ್ದು ಬೂದಿ ಅಲ್ಲ, ಕತ್ತರಿ! ಬತ್ತಿಯ ಕರಕಲು ತುದಿ ಸಮನಾಗಿ ಕತ್ತರಿಸಿ, ಆಮೇಲೆ ಬುರುಡೆ. ಬತ್ತಿ ಓರೆಯಾದರೆ ಎಷ್ಟು ಒರೆಸಿದರೂ ಅರ್ಧ ಗಂಟೆಯಲ್ಲಿ ಮಸಿ ಅಂತ ಅವಳಿಗೆ ಗೊತ್ತಿತ್ತು. ನಾವು ಬ್ಲಾಗಿನಲ್ಲಿ ಬರೆದದ್ದು ಬೂದಿಯ ಬಗ್ಗೆ ಮಾತ್ರ. ಕತ್ತರಿ ಮರೆತೆವು. ಅಜ್ಜಿಯ ಕೈ ಹೊಗಳಿದೆವು, ತಲೆ ಬಿಟ್ಟೆವು.

ಅಮೆರಿಕದಲ್ಲಿರುವ ಗೆಳೆಯನ ಮನೆಯ ಗ್ಯಾಸ್ ಅಗ್ಗಿಷ್ಟಿಕೆಯದೂ ಇದೇ ಕಥೆ. ಅದರ ಗಾಜಿಗೆ ತೆಳು ಬಿಳಿ ಪೊರೆ ಕಟ್ಟುವುದು ಮಾಮೂಲು, ತಣಿದ ಮೇಲೆ ಅದಕ್ಕೆಂದೇ ಸಿಗುವ ಕ್ಲೀನರಿನಲ್ಲಿ ಒರೆಸಿದರಾಯಿತು. ಕಪ್ಪು ಮಸಿ ಕಂಡರೆ ಮಾತ್ರ ಒರೆಸಿ ಸುಮ್ಮನಾಗುವಂತಿಲ್ಲ, ಮೆಕ್ಯಾನಿಕ್ಕನ್ನು ಕರೆಯಬೇಕು. ಅರೆಬರೆ ಉರಿದ ಗ್ಯಾಸು ಮಸಿ ಮಾತ್ರ ಕೊಡುವುದಿಲ್ಲ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡನ್ನೂ ಕೊಡುತ್ತದೆ. ಅಡುಗೆಮನೆಯಲ್ಲಿ ಅದನ್ನು ದಿನಾ ಕುಡಿಯುವವರು ಯಾರು? ಬೆಂಗಳೂರಿನಲ್ಲಿ ಕೂತು ಒರೆಸು ಅನ್ನುವ ನಾನಂತೂ ಅಲ್ಲ.

ಹಾಗಾಗಿ ಅಣ್ಣಂದಿರೇ, ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ರೆಗ್ಯುಲೇಟರ್ ಬಂದ್ ಮಾಡಿ, ಒಲೆ ತಣಿಯಲಿ. ಬರ್ನರ್ ತೆಗೆದು ಸೋಪಿನ ಬಿಸಿನೀರಲ್ಲಿ ನೆನೆಸಿ, ತೂತುಗಳನ್ನು ಬಿಡಿಸಿ, ಪೂರ್ತಿ ಒಣಗಿಸಿ ಸರಿಯಾಗಿ ಕೂರಿಸಿ. ಆಮೇಲೂ ಉರಿ ಹಳದಿಯಾದರೆ ರಿಪೇರಿಯವರನ್ನು ಕರೆಸಿ. ಗಾಜಿಗೆ ಮೆತ್ತಗಿನ ಒದ್ದೆ ಬಟ್ಟೆ ಸಾಕು. ಅದನ್ನೂ ನೀವೇ ಒರೆಸಿ, ಕೈ ಸವೆಯುವುದಿಲ್ಲ.

ನಮ್ಮನೆಯಲ್ಲಿ ಈಗ ಸ್ಟೀಲಿನ ಒಲೆ. ಉರಿ ನೀಲಿ. ಆಯಿಗೆ "ತಪ್ಪಾಯ್ತು" ಅಂದೆ. "ಆಯ್ತು, ಚಾ ಕುಡಿ" ಅಂದಳು. ಜಗಳಕ್ಕೆ ಬರುವವರು ಬನ್ನಿ, ಮೊದಲು ನಿಮ್ಮನೆ ಉರಿಯ ಬಣ್ಣ ನೋಡಿಕೊಂಡು ಬನ್ನಿ.