ಆಕಾಶದ ಕಣ್ಣೂ ಹಾರಂಗಿಯ ಗುಡ್ಡವೂ

ಅಂಗಡಿ ಇಟ್ಟವನು ವರ್ಷಕ್ಕೊಮ್ಮೆ ಖಾತೆ ಪುಸ್ತಕ ಬಿಚ್ಚಿ ಜಮಾ ಎಷ್ಟು, ಖರ್ಚು ಎಷ್ಟು ಎಂದು ನೋಡಿಕೊಳ್ಳುತ್ತಾನೆ. ಮನುಷ್ಯಕುಲವು ಆಕಾಶದಲ್ಲಿ ನಡೆಸುತ್ತಿರುವ ವ್ಯವಹಾರಕ್ಕೂ ಅಂಥದೊಂದು ಲೆಕ್ಕ ಬೇಕು. ಅದಕ್ಕೆ 2023ನೆಯ ಇಸವಿ ತಕ್ಕ ವರ್ಷ. ಆ ಒಂದೇ ವರ್ಷದಲ್ಲಿ ಜಗತ್ತಿನ ನಾನಾ ಕಡೆಗಳಿಂದ ಇನ್ನೂರಕ್ಕೂ ಹೆಚ್ಚು ರಾಕೆಟ್ಟುಗಳು ಭೂಮಿಯ ಕಕ್ಷೆಯತ್ತ ಹಾರಿದವು. ಅವುಗಳಲ್ಲಿ 96 ಅಮೆರಿಕದ ಒಂದೇ ಖಾಸಗಿ ಕಂಪೆನಿಯ ಫಾಲ್ಕನ್ ರಾಕೆಟ್ಟುಗಳು. ಚೀನಾದವು 67, ರಷ್ಯಾದವು 19. ಭಾರತ ಹಾರಿಸಿದ್ದು 7. ಆ ಏಳೂ ಗುರಿ ಮುಟ್ಟಿದವು.

ಎಲ್ಲರಿಗೂ ಆ ಭಾಗ್ಯ ಇರಲಿಲ್ಲ. ಏಪ್ರಿಲ್ ತಿಂಗಳಲ್ಲಿ ಜಪಾನಿನ ಕಂಪೆನಿಯೊಂದರ ನೌಕೆ ಚಂದ್ರನ ಮೇಲೆ ಇಳಿಯಹೋಗಿ ಅಪ್ಪಳಿಸಿತು. ಅದೇ ತಿಂಗಳು ಅಮೆರಿಕದ ದೈತ್ಯ ರಾಕೆಟ್ಟು ಸ್ಟಾರ್‌ಶಿಪ್ ಆಕಾಶದಲ್ಲೇ ಸಿಡಿಯಿತು. ನವೆಂಬರಿನಲ್ಲಿ ಮತ್ತೊಮ್ಮೆ ಹಾರಿಸಿದಾಗಲೂ ಹಾಗೆಯೇ ಆಯಿತು. ಚಂದ್ರಯಾನದಲ್ಲಿ ಹಳೆಯ ಕೈಯಾದ ರಷ್ಯಾದ ಲೂನಾ-25 ಆಗಸ್ಟ್ 19ರಂದು ನೆಲಕ್ಕೆ ಬಡಿದು ಪುಡಿಯಾಯಿತು. ಅತ್ತ ಯುರೋಪಿನವರು ಗುರುಗ್ರಹದ ಉಪಗ್ರಹಗಳನ್ನು ನೋಡಲು ಏಪ್ರಿಲ್ 14ರಂದು ಜ್ಯೂಸ್ ಎಂಬ ನೌಕೆಯನ್ನು ಕಳಿಸಿದರು. ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು ಹೊತ್ತ ಪೆಟ್ಟಿಗೆ ಸೆಪ್ಟೆಂಬರ್ 24ರಂದು ಅಮೆರಿಕದ ಯೂಟಾ ಮರಳುಗಾಡಿಗೆ ಕ್ಷೇಮವಾಗಿ ಇಳಿಯಿತು. ಚೀನಾದವರು ತಮ್ಮದೇ ಆಕಾಶ ಠಾಣೆಗೆ ಎರಡು ಬಾರಿ ಮೂವರು ಮೂವರಂತೆ ಯಾತ್ರಿಗಳನ್ನು ಕಳಿಸಿದರು.

ಈ ಎಲ್ಲದರ ನಡುವೆ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ನಮ್ಮ ವಿಕ್ರಮ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಮೆಲ್ಲಗೆ ಕಾಲೂರಿತು. ಆ ಭಾಗದಲ್ಲಿ ಅದಕ್ಕೆ ಮೊದಲು ಯಾರೂ ಇಳಿದಿರಲಿಲ್ಲ. 2019ರಲ್ಲಿ ಇದೇ ಪ್ರಯತ್ನದಲ್ಲಿ ಬಿದ್ದಿದ್ದೆವು. ಬಿದ್ದದ್ದೇಕೆಂದು ಲೆಕ್ಕ ಹಾಕಿ, ತಿದ್ದಿ, ನಾಲ್ಕೇ ವರ್ಷಗಳಲ್ಲಿ ಎದ್ದೆವು.

ಆ ಕೆಲಸ ನಡೆದದ್ದು ಬಹುಪಾಲು ನಮ್ಮ ನಾಡಿನಲ್ಲೇ ಎಂಬುದನ್ನು ಓದುಗರು ಗಮನಿಸಬೇಕು. ಇಳಿಯುವ ಯಂತ್ರದ ಕಣ್ಣನ್ನು ಪರೀಕ್ಷಿಸಲು ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಚಂದ್ರನಲ್ಲಿರುವಂಥ ಕುಳಿಗಳನ್ನು ತೋಡಲಾಗಿತ್ತು. ಅದರ ಸಂಜ್ಞೆಗಳನ್ನು ಹಿಡಿಯುವ 32 ಮೀಟರ್ ಅಗಲದ ದೊಡ್ಡ ಬೋಗುಣಿ ಬೆಂಗಳೂರಿಗೆ ಸಮೀಪದ ಬ್ಯಾಲಾಳಿನಲ್ಲಿದೆ. ಅದನ್ನು ನಡೆಸಿದ ಕೇಂದ್ರ ಪೀಣ್ಯದಲ್ಲಿದೆ. ಹೌದು, ಲೇತು, ಮಿಲ್ಲಿಂಗ್ ಯಂತ್ರಗಳ ಸದ್ದಿನ ಅದೇ ಪೀಣ್ಯ! 1975ರಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟವನ್ನು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಮತ್ತು ಸಂಗಡಿಗರು ಕಟ್ಟಿದ್ದು ಕೂಡ ಪೀಣ್ಯದ ಶೆಡ್ಡುಗಳಲ್ಲಿ. 360 ಕಿಲೋ ತೂಕದ ಅದನ್ನು ಆ ವರ್ಷ ಏಪ್ರಿಲ್ 19ರಂದು ಹಾರಿಸಿಕೊಟ್ಟದ್ದು ಸೋವಿಯೆಟ್ ರಷ್ಯಾ. ಅಂದಿನಿಂದ ಇಂದಿನವರೆಗೆ ಈ ವಿದ್ಯೆ ಬೆಳೆದದ್ದು ಜನರು ಕೊಟ್ಟ ತೆರಿಗೆಯಿಂದ, ಸರಕಾರಿ ಸಂಸ್ಥೆಗಳ ಮಡಿಲಲ್ಲಿ.

ಹೊಟ್ಟೆಗಿಲ್ಲದ ದೇಶಕ್ಕೆ ಚಂದ್ರನೇಕೆ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ನಾವು ಒಪ್ಪುವುದಿಲ್ಲ. ಚಂದ್ರಯಾನ-3ಕ್ಕೆ ತಗಲಿದ್ದು ಸುಮಾರು 615 ಕೋಟಿ ರೂಪಾಯಿ; 140 ಕೋಟಿ ಜನರಿಗೆ ಹಂಚಿದರೆ ತಲೆಗೆ ನಾಲ್ಕೂವರೆ ರೂಪಾಯಿಯೂ ಬೀಳದು. ಬಡವನ ಮಗನಿಗೆ ಅನ್ನ ಬೇಕು, ವಿದ್ಯೆಯೂ ಬೇಕು. ಒಂದನ್ನು ತೋರಿಸಿ ಇನ್ನೊಂದನ್ನು ಕಸಿಯುವುದು ಉಳ್ಳವರ ಹಳೆಯ ಉಪಾಯ. ಕೇಳಬೇಕಾದ ಪ್ರಶ್ನೆ ಬೇರೆ: ಈ ವಿದ್ಯೆಯ ಫಲ ಯಾರ ಮನೆ ಬಾಗಿಲಿಗೆ ಬರುತ್ತದೆ?

ಮೊದಲ ದಿನಗಳಲ್ಲಿ ಈ ಪ್ರಶ್ನೆಗೆ ಒಳ್ಳೆಯ ಉತ್ತರವೇ ಸಿಕ್ಕಿತ್ತು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಾಲೆಯ ಪಾಠಗಳನ್ನು ಟೆಲಿವಿಜನ್ ಮೂಲಕ ಮುಟ್ಟಿಸಲಾಯಿತು. ನಮ್ಮ ರಾಜ್ಯದಲ್ಲಿ ಆ ಪೆಟ್ಟಿಗೆಗಳು ಹೋದದ್ದು ರಾಜಧಾನಿಗಲ್ಲ, ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ. ವಿಜ್ಞಾನ ಮೊದಲು ಕಟ್ಟಕಡೆಯವನ ಬಳಿಗೆ ಹೋಗಬೇಕೆಂಬ ನೀತಿ ಅದು.

ಈಗ ಅದೇ ಅಳತೆಗೋಲನ್ನು ನಮ್ಮ ಹಾರಂಗಿಗೆ ಹಿಡಿದು ನೋಡೋಣ. ವಿಕ್ರಮ್ ಚಂದ್ರನ ಮೇಲೆ ಇಳಿದ ಅದೇ 2023ರ ಆಗಸ್ಟಿನಲ್ಲಿ ಮಳೆ ಕೈಕೊಟ್ಟಿತ್ತು. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶವು ಅಷ್ಟು ಒಣ ಆಗಸ್ಟನ್ನು ಕಂಡಿರಲಿಲ್ಲ. ಸೆಪ್ಟೆಂಬರಿನಲ್ಲಿ ರಾಜ್ಯ ಸರಕಾರ 195 ತಾಲೂಕುಗಳನ್ನು ಬರಪೀಡಿತವೆಂದು ಸಾರಿತು. ಕಾವೇರಿ ನೀರಿಗಾಗಿ ಬಂದ್ ಆಯಿತು. ಅದಕ್ಕೆ ಐದು ವರ್ಷ ಹಿಂದೆ, 2018ರ ಆಗಸ್ಟಿನಲ್ಲಿ, ಇದೇ ಕೊಡಗಿನ ಗುಡ್ಡಗಳು ಮಳೆಯ ಹೊಡೆತಕ್ಕೆ ಕರಗಿ ಬಂದವು. ಮಕ್ಕಂದೂರು, ಮಾದಾಪುರ, ಹಟ್ಟಿಹೊಳೆ, ಜೋಡುಪಾಲಗಳಲ್ಲಿ ಮನೆ, ತೋಟ, ರಸ್ತೆಗಳು ಮಣ್ಣುಪಾಲಾದವು. ಆ ಮಣ್ಣು ಹೊಳೆಯಲ್ಲಿ ಇಳಿದು ಎಂಟೂವರೆ ಟಿಎಂಸಿ ಹಿಡಿಯಬೇಕಾದ ಹಾರಂಗಿ ಜಲಾಶಯದ ತಳ ಸೇರಿತು. ಕೆಳಗೆ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿ, ದುಡಿದು ಕೂಡಿಟ್ಟವರ ಮನೆ ಸಾಮಾನು ತೋಯ್ದು ಹೋಯಿತು.

ಆಕಾಶದ ಕಣ್ಣು ಇದನ್ನು ಕಾಣಲಿಲ್ಲವೇ? ಕಂಡಿತು. 2023ರಲ್ಲೇ ಇಸ್ರೋದ ಹೈದರಾಬಾದ್ ಕೇಂದ್ರ ದೇಶದ ಭೂಕುಸಿತಗಳ ಅಟ್ಲಾಸನ್ನು ಪ್ರಕಟಿಸಿತು. 1998ರಿಂದ 2022ರವರೆಗಿನ ಸುಮಾರು 80,000 ಕುಸಿತಗಳನ್ನು ಉಪಗ್ರಹ ಚಿತ್ರಗಳಿಂದ ಗುರುತಿಸಿ, ಅಪಾಯದ 147 ಜಿಲ್ಲೆಗಳ ಪಟ್ಟಿ ಮಾಡಿತು. ಕೊಡಗು ಅದರಲ್ಲಿದೆ. ಸಾಮಾನ್ಯ ಕ್ಯಾಮೆರಾಗೆ ಮಳೆಗಾಲದ ಮೋಡ ಅಡ್ಡ ಬರುತ್ತದೆ. ರಾಡಾರ್ ಉಪಗ್ರಹಕ್ಕೆ ಮೋಡವೂ ಇಲ್ಲ, ಕತ್ತಲೆಯೂ ಇಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಅಂಥದು. ಭಾರತ ಮತ್ತು ಅಮೆರಿಕ ಸೇರಿ ಕಟ್ಟಿದ ಅದನ್ನು ಒಂದೇ ಜಾಗವನ್ನು 12 ದಿನಕ್ಕೊಮ್ಮೆ ಮತ್ತೆ ನೋಡಿ, ನೆಲ ಕೆಲವೇ ಸೆಂಟಿಮೀಟರ್ ಸರಿದರೂ ಗುರುತಿಸುವಂತೆ ರೂಪಿಸಲಾಗಿದೆ.

ಆದರೆ ಆಕಾಶದಿಂದ ಹಳ್ಳಿಯ ತನಕ ಸುದ್ದಿ ತಾನಾಗಿ ನಡೆದು ಬರುವುದಿಲ್ಲ. ಇಂಥ ಗುಡ್ಡ ಜಾರುವ ಜಾತಿಯದು ಎಂದು ಉಪಗ್ರಹ ಹೇಳಬಲ್ಲದು. ಇಂದು ರಾತ್ರಿ ಎರಡು ಗಂಟೆಗೆ ಜಾರುತ್ತದೆ ಎಂದು ಹೇಳಲಾರದು. ಅದನ್ನು ತಿಳಿಯಲು ಆ ಗುಡ್ಡದ ಮೇಲೆ ಮಳೆ ಅಳೆಯುವ ಯಂತ್ರ ಬೇಕು, ಬಿರುಕು ನೋಡಿ ಬರುವ ಮನುಷ್ಯ ಬೇಕು, ಎಷ್ಟು ಇಂಚು ಬಿದ್ದರೆ ಜನರನ್ನು ಎಬ್ಬಿಸಬೇಕೆಂಬ ಕಟ್ಟಳೆ ಬೇಕು. 2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಮೊಬೈಲುಗಳಿಗೆ ಎಚ್ಚರಿಕೆಯ ಗಂಟೆ ಬಾರಿಸಿ ಪರೀಕ್ಷೆ ಮಾಡಿದರು. ಒಳ್ಳೆಯದೇ. ಆದರೆ ಮಳೆ ಬಂದೊಡನೆ ಕರೆಂಟು ಹೋಗಿ ಟವರು ಸತ್ತರೆ, ತೋಟದ ಲೈನ್ ಮನೆಯಲ್ಲಿ ಮಲಗಿದ ಕೂಲಿಯವಳ ಕಿವಿಗೆ ಆ ಗಂಟೆ ಹೇಗೆ ಕೇಳೀತು? ಅವಳನ್ನು ಎಬ್ಬಿಸದ ವಿಜ್ಞಾನ ಎಷ್ಟು ಎತ್ತರದಲ್ಲಿದ್ದರೇನು? ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಗುಡ್ಡ ಕುಸಿದ ಮೇಲೆ ಫೋಟೋ ತೋರಿಸಿ ಫಲವಿಲ್ಲ.

ಲೆಕ್ಕದಲ್ಲಿ ಇನ್ನೊಂದು ಬಾಕಿ ಇದೆ. ಚಂದ್ರಯಾನ-3 ಹಾರಿದ್ದು ಶ್ರೀಹರಿಕೋಟೆಯ ಎರಡನೆಯ ಉಡಾವಣಾ ಕಟ್ಟೆಯಿಂದ. ಆ ಕಟ್ಟೆಯ ಚಲಿಸುವ ಪೀಠವನ್ನೂ ಕ್ರೇನುಗಳನ್ನೂ ಮಾಡಿಕೊಟ್ಟದ್ದು ರಾಂಚಿಯ ಸರಕಾರಿ ಕಾರ್ಖಾನೆ ಹೆಚ್.ಇ.ಸಿ. ಇಡೀ ದೇಶ ಪಟಾಕಿ ಹೊಡೆದ ಆ ತಿಂಗಳುಗಳಲ್ಲಿ ಅಲ್ಲಿಯ ನೌಕರರು ಒಂದು ವರ್ಷಕ್ಕೂ ಮೇಲ್ಪಟ್ಟ ಸಂಬಳದ ಬಾಕಿಗಾಗಿ ಧರಣಿ ಕೂತಿದ್ದರು. ಚಂದ್ರಯಾನ-3ಕ್ಕೆ ಅಲ್ಲಿಂದ ಬಿಡಿಭಾಗ ತರಿಸಿಲ್ಲವೆಂದು ಸರಕಾರ ಪಾರ್ಲಿಮೆಂಟಿನಲ್ಲಿ ಉತ್ತರ ಕೊಟ್ಟಿತು. ಇರಬಹುದು, ನೌಕೆ ಕಾಲೂರಿ ಹಾರಿದ ಕಟ್ಟೆ ಯಾರದು? ಸಂಬಳದ ದಿನ ಒಂದು ವಾರ ತಪ್ಪಿದರೆ ಮನೆಯಲ್ಲಿ ಏನಾಗುತ್ತದೆಂದು ಗಿರಣಿ ಕಾರ್ಮಿಕರಿಗೂ, ಅವರಿಗೆ ಕಡ ಕೊಡುವ ಕಿರಾಣಿ ಅಂಗಡಿಯವರಿಗೂ ನಾವು ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಒಡೆತನದ ಮಾತು. ಆಕಾಶವಾಗಲಿ ಚಂದ್ರನಾಗಲಿ ಯಾವ ದೇಶದ ಸೊತ್ತೂ ಅಲ್ಲವೆಂದು 1967ರ ಅಂತಾರಾಷ್ಟ್ರೀಯ ಒಪ್ಪಂದ ಸಾರಿದೆ. ಆದರೆ ವರ್ಷದ ರಾಕೆಟ್ಟುಗಳಲ್ಲಿ ಅರ್ಧಕ್ಕೆ ಸಮೀಪ ಒಬ್ಬ ಕೋಟ್ಯಧೀಶನ ಕಂಪೆನಿಯವಾದರೆ, ಕಾಗದದಲ್ಲಿ ಎಲ್ಲರದಾದ ದಾರಿ ನಡೆಯುವಾಗ ಒಬ್ಬನದಾಗುತ್ತದೆ. ನಮ್ಮ ಸರಕಾರವೂ 2023ರ ಏಪ್ರಿಲಿನಲ್ಲಿ ಹೊಸ ನೀತಿ ತಂದು ಖಾಸಗಿಯವರಿಗೆ ಬಾಗಿಲು ತೆರೆಯಿತು; 2024ರಲ್ಲಿ ವಿದೇಶಿ ಬಂಡವಾಳಕ್ಕೂ ಹಾದಿ ಅಗಲ ಮಾಡಿತು. ಪೀಣ್ಯದ ಸಣ್ಣ ವರ್ಕ್‌ಶಾಪಿನವನಿಗೆ ಇದರಿಂದ ಕೆಲಸ ಸಿಕ್ಕರೆ ನಮಗೆ ಸಂತೋಷವೇ. ಆದರೆ ಜನರ ದುಡ್ಡಿನಿಂದ ಐವತ್ತು ವರ್ಷ ಬೆಳೆಸಿದ ಮರದ ಹಣ್ಣನ್ನು ಜನರಿಗೇ ಮಾರುವ ಕಾಲ ಬರಬಾರದು. ನಮ್ಮ ಗುಡ್ಡದ ಚಿತ್ರವನ್ನು ನಾವೇ ಬೆಲೆ ಕೊಟ್ಟು ಕೊಳ್ಳುವಂತಾಗಬಾರದು.

ಆದುದರಿಂದ ನಮ್ಮ ಒತ್ತಾಯ ಇಷ್ಟು. ಅಟ್ಲಾಸಿನಲ್ಲಿ ಕಂಡ ಅಪಾಯದ ಜಾಗಗಳ ಹೆಸರುಗಳು ಕನ್ನಡದಲ್ಲಿ ಪ್ರತಿ ಪಂಚಾಯಿತಿ ಕಚೇರಿಯ ಗೋಡೆಯ ಮೇಲಿರಲಿ. ಪ್ರತಿ ತೋಟದಲ್ಲಿ, ಲೈನ್ ಮನೆಗಳ ಬಳಿ, ಮಳೆಮಾಪಕವೂ ಕೈಯಿಂದ ತಿರುಗಿಸುವ ಸೈರನ್ನೂ ಇರಲಿ. ಅದರ ಖರ್ಚಿನಲ್ಲಿ ತೋಟದ ಮಾಲೀಕರಿಗೂ ಪಾಲಿರಲಿ. ಹಾರಂಗಿ ಗೇಟು ತೆರೆಯುವ ಮುನ್ನ ಕೆಳಗಿನ ಬಡಾವಣೆಗಳಿಗೆ ಸಾಮಾನು ಎತ್ತಿಡುವಷ್ಟು ಹೊತ್ತು ಸಿಗುವಂತೆ ಸುದ್ದಿ ಮುಟ್ಟಲಿ. ರಾಕೆಟ್ಟಿಗೆ ಕಟ್ಟೆ ಕಟ್ಟಿದ ಕೈಗಳಿಗೆ ಸಂಬಳ ಹೊತ್ತಿಗೆ ಸರಿಯಾಗಿ ಸಿಗಲಿ. ಇವು ಯಾವುವೂ ಚಂದ್ರನಿಗೆ ಹೋಗುವಷ್ಟು ಕಷ್ಟದ ಕೆಲಸಗಳಲ್ಲ. ಮೂರು ಲಕ್ಷ ಎಂಬತ್ತು ಸಾವಿರ ಕಿಲೋಮೀಟರ್ ದೂರದಿಂದ ಸುದ್ದಿ ತರಿಸಿಕೊಂಡ ದೇಶ, ಹಾರಂಗಿ ದಂಡೆಯ ಮನೆಗೆ ಸುದ್ದಿ ಮುಟ್ಟಿಸಲಾರೆವೆಂದು ಹೇಳಿದರೆ ನಾವು ನಂಬುವುದಿಲ್ಲ.